ಶೇಖವ್ವನ ಸೈಕಲ್ಲಿನ ಅಳತೆ

ಬಂಕಾಪುರ
ತಾ. 17-1-1982, ರವಿವಾರ

ಶೇಖವ್ವನ ತಂದೆಯವರಿಗೆ,

ಸರೋಜಾಳ ಶರಣು. ನಾವು ಇಲ್ಲಿ ಆರಾಮ ಇದ್ದೇವೆ.

ನಿಮ್ಮ ಕಾರ್ಡು ಡಿಸೆಂಬರ್ ಮೂವತ್ತಕ್ಕೆ ಬಂತು. ಟಪಾಲಿನವರು ಅದನ್ನು ಶಾಲೆಗೇ ತಂದುಕೊಟ್ಟರು. ತೆರೆದ ಕಾರ್ಡು, ಹಾಗಾಗಿ ನನ್ನ ಕೈಗೆ ಬರುವ ಮೊದಲು ಮೂರು ಜನ ಓದಿದ್ದರು. ಓದಿದವರಿಗೆ ಏನೂ ಸಿಕ್ಕಿರಲಾರದು. “ಶೇಖವ್ವನಿಗೆ ಸೈಕಲ್ ಕೊಡಿಸಬೇಕೆಂದಿದ್ದೇನೆ. ಎಷ್ಟು ಇಂಚಿನದು ಬೇಕಾದೀತು ತಿಳಿಸುವುದು.” ನಾಲ್ಕೂವರೆ ವರ್ಷದ ಮೇಲೆ ಇಷ್ಟೇ. ಅದನ್ನು ಹಾಜರಿ ಪುಸ್ತಕದೊಳಗೆ ಇಟ್ಟುಕೊಂಡೆ. ದಿನಾ ಮಕ್ಕಳ ಹೆಸರು ಕೂಗುವಾಗ ನಿಮ್ಮ ಅಕ್ಷರ ಕಾಣುತ್ತಿತ್ತು.

ನೀವು ಕೇಳಿದ್ದಕ್ಕೆ ಉತ್ತರ ಮೊದಲೇ ಬರೆದುಬಿಡುತ್ತೇನೆ. ಹದಿನಾರು ಇಂಚಿನದು. ಇಷ್ಟು ಬರೆದು ಒಂದು ಕಾರ್ಡು ಹಾಕಬಹುದಿತ್ತು. ಹಾಗೆ ಬರೆದ ಎರಡು ಕಾರ್ಡು ಹರಿದೆ. ಈ ಹದಿನಾರು ಎಂಬುದು ನನಗೆ ಹೇಗೆ ತಿಳಿಯಿತು ಎಂದು ಹೇಳದೆ ಬರೀ ಅಂಕಿ ಕಳಿಸಿದರೆ ನಿಮಗೆ ಇನ್ನೊಂದು ಸಲ ಅನ್ಯಾಯ ಮಾಡಿದಂತಾಗುತ್ತದೆ.

ಅವಳು ಸೈಕಲ್ ಹಟ ಹಿಡಿದದ್ದನ್ನು ನಿಮಗೆ ನಮ್ಮ ಶಾಲೆಯ ಹೂವಪ್ಪ ಮಾಸ್ತರು ಹೇಳಿರಬೇಕು. ತರಬೇತಿಗೆಂದು ಹಿರೇಕೆರೂರಿಗೆ ಬಂದಾಗ ನಿಮ್ಮನ್ನು ಕಂಡಿದ್ದರಂತೆ. ಒಕ್ಕಲುತನ ಇಲಾಖೆಯವರೆಲ್ಲ ಸೈಕಲ್ ಮೇಲೆ ಹಳ್ಳಿ ತಿರುಗಿದರೆ ನೀವೊಬ್ಬರೇ ಬಸ್ಸಿಗೆ ಕಾಯುತ್ತೀರಿ, ಬಸ್ಸು ಇಲ್ಲದ ಊರಿಗೆ ನಡೆದು ಹೋಗುತ್ತೀರಿ ಎಂದು ನನಗೂ ಹೇಳಿದರು. ನಾವು ಹಾನಗಲ್ಲಿನಲ್ಲಿದ್ದಾಗಿನ ಸೈಕಲ್ಲನ್ನು ಆಗಲೇ ಮಾರಿಬಿಟ್ಟಿದ್ದೀರೆಂಬುದು ನನಗೆ ಆವತ್ತೇ ತಿಳಿದದ್ದು. ಮಾಸ್ತರು ಮಾತು ಮುಗಿಸಿ ಹೋದ ಮೇಲೆ ನಾನು ಆ ತಾಸು ಪಾಠ ಮಾಡಲಿಲ್ಲ, ಮಕ್ಕಳಿಗೆ ಮಗ್ಗಿ ಬರೆಯಲು ಹೇಳಿ ಕಿಟಕಿಯ ಕಡೆ ನಿಂತಿದ್ದೆ.

ಶೇಖವ್ವ ಈಗ ಎರಡನೇ ಇಯತ್ತೆ. ಹೆಸರಷ್ಟೇ ಅಲ್ಲ, ಗದ್ದವೂ ನಿಮ್ಮ ಅವ್ವನದೇ. ವಯಸ್ಸಿಗೆ ಸ್ವಲ್ಪ ಗಿಡ್ಡ. ಎಡಗಾಲಿನ ಹಿಮ್ಮಡದ ಗಾಯ ಮಾಗಿ ಬಿಳಿ ಗೆರೆಯಾಗಿದೆ, ಆದರೆ ಆ ಕೀಲು ಪೂರಾ ಬಗ್ಗುವುದಿಲ್ಲ. ಓಡುತ್ತಾಳೆ, ಕುಂಟಾಬಿಲ್ಲೆ ಆಡುತ್ತಾಳೆ. ಆ ಕಾಲಿನ ಬೆರಳ ತುದಿಯ ಮೇಲೆ ನಿಲ್ಲಲು ಮಾತ್ರ ಅವಳಿಗೆ ಆಗುವುದಿಲ್ಲ. ಕಪಾಟಿನ ಮೇಲಿನದು ಏನಾದರೂ ಬೇಕಾದರೆ ಬಲಗಾಲಿನ ಮೇಲೆಯೇ ಎಗರುತ್ತಾಳೆ. ನೋಡಿದವರಿಗೆ ನಗು ಬರುತ್ತದೆ. ನನಗೆ ಬರುವುದಿಲ್ಲ.

ಈ ಮನೆಯಲ್ಲಿ ಸೈಕಲ್ಲಿನ ಸುದ್ದಿ ಎತ್ತುವ ಹಾಗಿರಲಿಲ್ಲ. ಆ ಕಟ್ಟಳೆ ಹಾಕಿದವಳು ನಾನೇ. ದಸರಾ ರಜೆಯಲ್ಲಿ ಅವಳ ಲಂಗದ ಅಂಚಿನಲ್ಲಿ ಕರಿ ಎಣ್ಣೆಯ ಕಲೆ ಕಂಡಿತು. ಎರಡು ದಿನ ಬಿಟ್ಟು ಮೊಣಕಾಲು ತರಚಿಕೊಂಡು ಬಂದಳು. ಹಿಂದೆ ಹೋಗಿ ನೋಡಿದರೆ, ಕೋಟೆಯ ಹತ್ತಿರದ ಬಯಲಿನಲ್ಲಿ ಗೆಳತಿ ನಸೀರಾ ಹಿಂದೆ ಹಿಡಿದುಕೊಂಡಿದ್ದಾಳೆ, ಇವಳು ದೊಡ್ಡವರ ಸೈಕಲ್ಲಿನ ಬಾರಿನ ಕೆಳಗೆ ಕಾಲು ತೂರಿಸಿ ಒಂದು ಕಡೆ ಜೋತುಬಿದ್ದು ತುಳಿಯುತ್ತಿದ್ದಾಳೆ. ತಾಸಿನ ಬಾಡಿಗೆಗೆ ತಂದ ಸೈಕಲ್ಲು. ನಾನು ಅಲ್ಲಿಯೇ ಎಳೆದು ಬೆನ್ನಿಗೆ ಎರಡು ಹೊಡೆದೆ. ಅವಳು ಅಳಲಿಲ್ಲ. ಮನೆಗೆ ಬಂದ ಮೇಲೆ ಹೇಳಿದಳು.

“ಅಪ್ಪ ನನ್ನ ಹಿಂದ ಕುಂದ್ರಿಸಿ ಕಾಲು ಮುರದಾನಂತ, ಮಾಮಾ ಹೇಳ್ತಾನ. ಅದಕ್ಕ ನಾನ ಕಲೀತೇನಿ. ಇನ್ನ ಯಾರ ಹಿಂದೂ ಕುಂದ್ರಂಗಿಲ್ಲ.”

ಏಳು ವರ್ಷದ ಕೂಸು ಈ ಮಾತು ಹೇಳಿತು. ನನ್ನ ಅಣ್ಣ ದ್ಯಾಮಪ್ಪನಿಗೆ ಈ ಮಾತು ಬಹಳ ಹಿಡಿಸಿತು. ಧೈರ್ಯದ ಹುಡುಗಿ ಎಂದು ಬೆನ್ನು ತಟ್ಟಿದ. ಎರಡು ತಿಂಗಳೊಳಗೆ ಶಿಗ್ಗಾವಿಯಿಂದ ಹೆಣ್ಣುಮಕ್ಕಳು ಹೊಡೆಯುವ ಇಪ್ಪತ್ತೆರಡು ಇಂಚಿನ ಸೈಕಲ್ ಕೊಂಡು ತಂದು ಅಂಗಳದಲ್ಲಿ ನಿಲ್ಲಿಸಿದ. ಇದು ದೊಡ್ಡದಾಯಿತಲ್ಲ ಎಂದರೆ ಅವನದು ಒಂದೇ ಮಾತು. “ಬೆಳಿಯೋ ಕೂಸು ಸರೋಜಾ. ಮ್ಯಾಟ್ರಿಕ್ ಮುಗಿಯೋತನಾ ಬರಬೇಕು.” ಅಂಗಿ ಹೊಲಿಸುವಾಗ ಹೀಗೆ ಅನ್ನುತ್ತೇವೆ, ಮಡಿಚಿ ಹೊಲಿಗೆ ಹಾಕಿ ವರ್ಷ ವರ್ಷ ಬಿಡುತ್ತೇವೆ. ಸೈಕಲ್ಲನ್ನು ಮಡಿಚಲು ಆಗುವುದಿಲ್ಲ ಎಂಬುದು ನಮಗಿಬ್ಬರಿಗೂ ಹೊಳೆಯಲಿಲ್ಲ. ಸೀಟನ್ನು ಕೊನೆಯವರೆಗೆ ಇಳಿಸಿದ. ಪೆಡಲಿಗೆ ಕಟ್ಟಿಗೆಯ ತುಂಡು ಕಟ್ಟಿದ. ಮೂರನೆಯ ದಿನ ನಿಲ್ಲಿಸಲು ಹೋಗಿ ಎಡಗಾಲು ಚಾಚಿದ್ದಾಳೆ. ಆ ಕಾಲಿನ ಬೆರಳು ನೆಲ ಮುಟ್ಟಬೇಕಲ್ಲ. ಸೈಕಲ್ಲು ಮೈಮೇಲೆ ಬಿತ್ತು. ಹಣೆಗೆ ಎರಡು ಹೊಲಿಗೆ ಬಿದ್ದವು. ನಿಮಗೆ ಯಾರೂ ಹೇಳಿರಲಾರರು. ಈಗ ಮಾಗಿದೆ.

ಆಗಲೂ ಅವಳು ಬೇಡ ಎನ್ನಲಿಲ್ಲ. ಹೊಲಿಗೆ ಬಿಚ್ಚಿಸಿಕೊಂಡು ಬಂದ ದಿನವೇ ಸೈಕಲ್ಲಿನ ಹತ್ತಿರ ಹೋಗಿ ನಿಂತಳು. ನಿಮ್ಮ ಕಾರ್ಡು ಬಂದದ್ದು ಅದರ ಮರುವಾರ. ಎಷ್ಟು ಇಂಚು ಎಂದು ಕೇಳಿದವರು ನೀವೊಬ್ಬರೇ. ಮೂರನೆಯ ಸಲ ಈ ಮನೆಯ ಬಾಗಿಲಿಗೆ ಬಂದಾಗ ನೀವು ತಂದಿದ್ದ ಹಳದಿ ಫ್ರಾಕು ಅವಳಿಗೆ ಗಿಡ್ಡಾಗಿತ್ತು. ಅದು ನಿಮಗೆ ಹೇಗೋ ತಿಳಿದಿರಬೇಕು, ಅದಕ್ಕೇ ಈ ಸಲ ಅಳತೆ ಕೇಳಿದ್ದೀರಿ ಎಂದುಕೊಂಡೆ.

ನಸೀರಾಳ ದೊಡ್ಡವ್ವ ಮುಮ್ತಾಜಬೇಗಂ ಸವಣೂರಿನಲ್ಲಿ ಸೈಕಲ್ ಅಂಗಡಿ ಇಟ್ಟಿದ್ದಾರೆ. ಗಂಡ ತೀರಿಕೊಂಡ ಮೇಲೆ ಅಂಗಡಿ ಮುಚ್ಚದೆ ತಾವೇ ಪಂಕ್ಚರ್ ತಿದ್ದಿ, ಗಾಲಿ ಸರಿಮಾಡಿ, ಇಪ್ಪತ್ತು ವರ್ಷದಿಂದ ನಡೆಸುತ್ತಿದ್ದಾರೆ. ಹೋದ ರವಿವಾರ ಶೇಖವ್ವನನ್ನು ಕರೆದುಕೊಂಡು ಮುಂಜಾನೆಯ ಬಸ್ಸಿಗೆ ಹೋದೆ. ಅಣ್ಣನಿಗೆ ಯಲವಿಗಿಯ ಗೆಳತಿಯ ಮನೆಗೆ ಎಂದು ಸುಳ್ಳು ಹೇಳಿದೆ.

ನಾನು ಹೋದವಳೇ, ಏಳು ವರ್ಷದ ಹುಡುಗಿಗೆ ಎಷ್ಟು ಇಂಚಿನದು ಬರುತ್ತದೆ ಎಂದು ಕೇಳಿದೆ. ಅವರು ನನ್ನ ಕಡೆ ನೋಡಲೂ ಇಲ್ಲ. “ವರ್ಷ ಕೇಳಿ ಸೈಕಲ್ ಕೊಡಂಗಿಲ್ರಿ ಅಕ್ಕಾರ. ಕೂಸಿನ ಕಾಲು ಕೇಳಿ ಕೊಡಬೇಕು” ಎಂದು ಶೇಖವ್ವನ ಚಪ್ಪಲಿ ಬಿಡಿಸಿದರು. ಗೋಡೆಗೆ ಬೆನ್ನು ಹಚ್ಚಿ ನಿಲ್ಲಿಸಿ, ತೊಡೆಗಳ ನಡುವೆ ಒಂದು ರಟ್ಟಿನ ಪುಸ್ತಕ ಹಿಡಿಸಿ, ಅದರ ಮೇಲಂಚಿಗೆ ಗೋಡೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆದರು. ನೆಲದಿಂದ ಆ ಗೆರೆಯವರೆಗೆ ಟೇಪು ಹಿಡಿದು ಅಳೆದರು. ಆಮೇಲೆ ಒಂದೊಂದೇ ಸೈಕಲ್ಲಿನ ಮೇಲೆ ಕೂಡಿಸಿದರು. ಇಪ್ಪತ್ತು ಇಂಚಿನದರ ಮೇಲೆ ಬಲಗಾಲಿನ ಬೆರಳು ಮಾತ್ರ ನೆಲ ಮುಟ್ಟಿತು. ಹದಿನೆಂಟರ ಮೇಲೆ ಬಲಪಾದ ಪೂರಾ ಊರಿತು, ಎಡದ್ದು ಊರಲಿಲ್ಲ. ಉಳಿದ ಮಕ್ಕಳಿಗಾದರೆ ಇದೇ ಸಾಕು, ಒಂದು ಕಾಲು ತುದಿಬೆರಳಿನ ಮೇಲಿದ್ದರೂ ನಡೆಯುತ್ತದೆ ಎಂದರು. ಹದಿನಾರರ ಮೇಲೆ ಕೂಡಿಸಿದಾಗ ಎರಡೂ ಪಾದ ನೆಲಕ್ಕೆ ಕೂತವು. ಕೈ ಹ್ಯಾಂಡಲ್ಲಿಗೆ ಸಲೀಸಾಗಿ ಮುಟ್ಟಿತು, ಮೊಣಕೈ ಸ್ವಲ್ಪವೇ ಬಗ್ಗಿತ್ತು. ಬ್ರೇಕನ್ನು ಅವಳ ಬೆರಳುಗಳಿಂದಲೇ ಹಿಡಿಸಿ, ಗಾಲಿ ನಿಲ್ಲುತ್ತದೋ ಇಲ್ಲವೋ ಎಂದು ದೂಡಿ ನೋಡಿದರು. “ಹೆದರಿಕಿ ಆದಾಗ ಕಾಲು ನೆಲಕ್ಕ ಬರಬೇಕು. ಅದು ಬಂದ್ರ ಕೂಸು ತಾನ ಕಲೀತೈತಿ” ಎಂದರು. ಎರಡು ವರ್ಷಕ್ಕೆ ಇದು ಸಣ್ಣದಾಗುತ್ತದಲ್ಲ ಎಂದು ನಾನೂ ಅಣ್ಣನ ಹಾಗೆಯೇ ಅಂದೆ. ಆಗ ಬದಲಿ ಮಾಡೋಣ, ಇದು ಇನ್ನೊಂದು ಕೂಸಿಗೆ ಹೋಗುತ್ತದೆ ಎಂದರು.

ಆಮೇಲೆ ಆ ಎಡಗಾಲನ್ನು ಕೈಯಲ್ಲಿ ಹಿಡಿದು ತಿರುವಿ ನೋಡಿದರು. ಇದು ಗಾಲಿಯ ಕಡ್ಡಿಗೆ ಸಿಕ್ಕ ಕಾಲು, ಇಂಥವನ್ನು ಬಹಳ ನೋಡಿದ್ದೇನೆ ಎಂದರು. ನಾನು ಬಾಯಿ ತೆರೆಯುವ ಮೊದಲು ಶೇಖವ್ವ ಪಾಠ ಒಪ್ಪಿಸುವ ಹಾಗೆ “ನಮ್ಮಪ್ಪ ಮಾಡಿದ್ದು” ಎಂದಳು. ಮುಮ್ತಾಜಬೇಗಂ ನನ್ನನ್ನು ಕೇಳಿದರು. “ಹೊಡೆಯಾಂವಗ ಹಿಂದ ಕಾಣಂಗಿಲ್ರಿ. ಹಿಂದ ಯಾರು ಹಿಡಕೊಂಡಿದ್ರು?”

ಹಾನಗಲ್ಲಿನ ಡಾಕ್ಟರು ಇದನ್ನು ಕೇಳಲಿಲ್ಲ. ಅಣ್ಣ ಕೇಳಲಿಲ್ಲ. ನಿಮ್ಮ ಅವ್ವ ಕೇಳಲಿಲ್ಲ. ಮೊದಲ ಸಲ ಒಬ್ಬರು ಕೇಳಿದರು, ಮಗಳು ಅಲ್ಲೇ ನಿಂತಿದ್ದಳು. ನಾನು ಬಗ್ಗಿ ಅವಳ ಚಪ್ಪಲಿ ತೊಡಿಸತೊಡಗಿದೆ. ಅವರಿಗೆ ಅಷ್ಟು ಸಾಕಾಗಿತ್ತೆಂದು ತೋರುತ್ತದೆ. ಮುಂದೆ ಒಂದು ಮಾತೂ ಕೇಳದೆ ಗಿರಾಕಿಯ ಕಡೆ ಹೋದರು.

ಇನ್ನು ಬರೆಯುವುದು ನಿಮಗೆ ಗೊತ್ತಿದ್ದದ್ದೇ. ಆದರೂ ನನ್ನ ಕೈಯಿಂದ ಒಂದು ಸಲ ಬರೆದು ಕೆಳಗೆ ನನ್ನ ಹೆಸರು ಹಾಕಬೇಕು.

ಆವತ್ತು ಏಪ್ರಿಲ್ ಹನ್ನೆರಡು. ತಿದ್ದಿದ ಉತ್ತರ ಪತ್ರಿಕೆಗಳನ್ನು ಮಧ್ಯಾಹ್ನದೊಳಗೆ ಶಿಗ್ಗಾವಿಯಲ್ಲಿ ಒಪ್ಪಿಸಬೇಕಿತ್ತು. ನನ್ನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ನೀವು ನನ್ನನ್ನು ಬಸ್ ಸ್ಟ್ಯಾಂಡಿಗೆ ಬಿಟ್ಟು ಕೂಸಿನ ಜೊತೆ ಮನೆಗೆ ಮರಳುವವರಿದ್ದಿರಿ. ಸೈಕಲ್ಲಿನ ಮುಂದೆ ಬಾರಿನ ಮೇಲೆ ಕಟ್ಟಿದ್ದ ಸಣ್ಣ ಸೀಟು ಅವಳದು. ಅದರ ಮೇಲೆ ಪತ್ರಿಕೆಗಳ ಗಂಟು ಇಟ್ಟವಳು ನಾನು. ಮಡಿಚಿದರೆ ಬಯ್ಯುತ್ತಾರೆಂದು ಹೆದರಿಕೆ. ಕೂಸನ್ನು ಹಿಂದೆ ಕ್ಯಾರಿಯರ್ ಮೇಲೆ ನನ್ನ ಮುಂದೆ ಕೂಡಿಸಿಕೊಂಡೆ. ನೀವು ಎರಡು ಸಲ ಹೇಳಿದಿರಿ, “ಕೂಸಿನ ಕಾಲು ಗಾಲಿಗೆ ಹತ್ತತಾವ, ಮುಂದ ಕುಂದ್ರಸು” ಎಂದು. ನಾನು, “ಬಸ್ ತಪ್ಪತೈತಿ, ನಡೀರಿ ನೀವು” ಎಂದೆ. ಕೆರೆ ಏರಿಯ ಮೇಲೆ ಗಾಲಿ ಒಮ್ಮೆಲೇ ನಿಂತಾಗ ಅವಳನ್ನು ಹಿಡಿದಿದ್ದ ನನ್ನ ಕೈ ಸಡಿಲವಾಗಿತ್ತು. ಸೆರಗು ಸರಿಮಾಡಿಕೊಳ್ಳುತ್ತಿದ್ದೆ.

ರಕ್ತ ನೋಡಿ ನಾನು ನಿಂತುಬಿಟ್ಟೆ. ನೀವು ಕಡ್ಡಿ ಬಗ್ಗಿಸಿ ಕಾಲು ಬಿಡಿಸಿ, ನಿಮ್ಮ ಅಂಗಿ ಬಿಚ್ಚಿ ಸುತ್ತಿದಿರಿ. ಆಮೇಲೆ ನನಗೆ ಹೇಳಿದಿರಿ. “ನೀ ಹೋಗು. ಇವತ್ತ ಕೊಡದಿದ್ರ ನೌಕರಿ ಹೋಗತೈತಿ. ಕೂಸನ್ನ ನಾ ನೋಡ್ಕೋತೇನಿ.” ನೀವು ಅವಳನ್ನು ಎತ್ತಿಕೊಂಡು ದವಾಖಾನೆಯ ಕಡೆ ಓಡಿದಿರಿ. ನಾನು ಗಂಟು ಎತ್ತಿಕೊಂಡು ಬಸ್ ಹತ್ತಿದೆ.

ಹೋಗು ಎಂದವರು ನೀವು. ಹೋದವಳು ನಾನು. ಶಿಗ್ಗಾವಿಯಲ್ಲಿ ಪತ್ರಿಕೆಗಳನ್ನು ಎಣಿಸಿ ಕೊಟ್ಟು ಸಹಿ ಹಾಕಿದೆ. ಸಂಜೆ ಮರಳಿದಾಗ ದವಾಖಾನೆಯ ಕಟ್ಟೆಯ ಮೇಲೆ ಅಣ್ಣ ನಿಮ್ಮ ಮೇಲೆ ಕೂಗಾಡುತ್ತಿದ್ದ. ಅಷ್ಟರೊಳಗೆ ನೀವು ಎಲ್ಲರಿಗೂ ಹೇಳಿ ಮುಗಿಸಿದ್ದಿರಿ. ಸರೋಜಾ ಮೊದಲೇ ಬಸ್ಸಿಗೆ ಹೋಗಿದ್ದಳು, ಕೂಸನ್ನು ಹಿಂದೆ ಕೂಡಿಸಿಕೊಂಡವನು ನಾನೇ ಎಂದು. ಕೂಸನ್ನು ಆ ಸ್ಥಿತಿಯಲ್ಲಿ ಬಿಟ್ಟು ಹೋದ ತಾಯಿ ಎಂದು ಯಾರೂ ನನ್ನನ್ನು ಅನ್ನಬಾರದೆಂದು ಹಾಗೆ ಹೇಳಿದಿರಿ. ನಾನು ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಮುಚ್ಚಿಕೊಂಡೆ.

ಒಂದು ವಾರದಲ್ಲಿ ಹೇಳುತ್ತೇನೆ, ಗಾಯ ಮಾಗಿದ ಮೇಲೆ ಹೇಳುತ್ತೇನೆ ಎಂದುಕೊಳ್ಳುತ್ತ ಅಣ್ಣನ ಹಿಂದೆ ಬಂಕಾಪುರಕ್ಕೆ ಬಂದೆ. ನಿಮ್ಮ ಎದುರಿಗಿದ್ದರೆ ಯಾವತ್ತಾದರೂ ನಿಜ ಬಾಯಿಗೆ ಬಂದೀತು ಎಂಬ ಹೆದರಿಕೆಗೆ ವರ್ಗ ಮಾಡಿಸಿಕೊಂಡೆ. ನೀವು ಮೂರು ಸಲ ಬಂದಿರಿ. ಮೂರು ಸಲವೂ ಅಣ್ಣ ಬಾಗಿಲಲ್ಲಿ ತಡೆದ. ಮೂರು ಸಲವೂ ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದೆ. ನೀವು ಒಮ್ಮೆ ಕೆಮ್ಮಿದ್ದು, ಕೂಸಿಗೆ ಹಾಲು ಸೇರುತ್ತದೋ ಎಂದು ಕೇಳಿದ್ದು, ಎಲ್ಲ ಕೇಳಿಸಿತು. ಒಂದು ಮಾತಿನಲ್ಲಿ ನಿಮ್ಮನ್ನು ಒಳಗೆ ಕರೆಯಬಹುದಿತ್ತು. ಆ ಮಾತು ಆಡಲಿಲ್ಲ. ನೀವು ಮಾಡಿದ ಉಪಕಾರ ಹೊರುವುದು ಕಷ್ಟವಾಗಿ, ದಿನ ಹೋದಂತೆ ನಿಮ್ಮ ಮೇಲೆಯೇ ಸಿಟ್ಟು ಬರತೊಡಗಿತ್ತು. ಇದೊಂದು ಮಾತು ನಿಮಗೂ ಗೊತ್ತಿರಲಾರದು.

ಸವಣೂರಿನಿಂದ ಬಂದ ದಿನ ಶೇಖವ್ವನಿಗೆ ಎಲ್ಲ ಹೇಳಿದೆ. ಬಸ್ಸಿನಲ್ಲಿ ಆಗಲಿಲ್ಲ, ಮನೆಗೆ ಬಂದು ಅವಳ ತಲೆ ಬಾಚುತ್ತ ಹೇಳಿದೆ, ಮುಖ ಕಾಣುವುದಿಲ್ಲವೆಂದು. ಅವಳು ಜಡೆ ಪೂರಾ ಹಾಕಿಸಿಕೊಂಡಳು. ಆಮೇಲೆ ಎದ್ದು ಹೋದಳು. ಎರಡು ದಿನ ಊಟವನ್ನು ಮಾಮಾನ ಹೆಂಡತಿಯ ಕೈಯಿಂದಲೇ ಹಾಕಿಸಿಕೊಂಡಳು. ಮೂರನೆಯ ದಿನ ಶಾಲೆಗೆ ಹೋಗುವಾಗ ದಾರಿಯಲ್ಲಿ ಕೇಳಿದಳು. “ಅಪ್ಪಗ ಗೊತ್ತೈತೇನು, ನೀ ಹೇಳಿದಿ ಅಂತ?” ಇಲ್ಲ ಎಂದೆ. “ಮತ್ತ ಅವರಿಗೆ ಬರಿ” ಎಂದು ಮುಂದೆ ಹೋದಳು. ಇನ್ನೂ ಮೊದಲಿನ ಹಾಗೆ ಕೈ ಹಿಡಿಯುವುದಿಲ್ಲ. ಹಿಡಿಯಲೇಬೇಕೆಂದು ನಾನೂ ಕೇಳುವುದಿಲ್ಲ.

ಅಣ್ಣನಿಗೆ ಸಂಕ್ರಮಣದ ದಿನ ಹೇಳಿದೆ. ಅವನು ಕೂಗಾಡುತ್ತಾನೆಂದುಕೊಂಡಿದ್ದೆ. ಊಟದ ತಾಟನ್ನು ಹಾಗೆಯೇ ಬಿಟ್ಟು ಎದ್ದ, ಅಂಗಡಿಗೆ ಹೋದ. ನಿನ್ನೆ ಮುಂಜಾನೆ ಮಾತ್ರ ಹೇಳಿದ. “ಮೂರು ಸಲ ನಾ ಆ ಮನಶ್ಯಾಗ ಹೊಸ್ತಿಲಾ ದಾಟಗೊಟ್ಟಿಲ್ಲ. ನೀ ಒಳಗಿದ್ದಿ.” ಇಷ್ಟು ಹೇಳಿ, ಆ ದೊಡ್ಡ ಸೈಕಲ್ಲನ್ನು ದೂಡಿಕೊಂಡು ತನ್ನ ಅಂಗಡಿಗೆ ಒಯ್ದ. ನಿಮ್ಮನ್ನು ಕಂಡು ಮಾತಾಡಬೇಕೆಂದು ಅವನಿಗೆ ಇದೆ. ತಾನಾಗಿ ಬಾಯಿಬಿಟ್ಟು ಹೇಳುವವನಲ್ಲ.

ಈಗ ಸೈಕಲ್ಲಿನ ವಿಷಯ. ದಯವಿಟ್ಟು ಅಲ್ಲಿಂದ ಕೊಂಡು ಕಳಿಸಬೇಡಿ. ಮುಮ್ತಾಜಬೇಗಂ ಹತ್ತಿರ ಒಂದು ಹಳೆಯ ಹದಿನಾರು ಇಂಚಿನದು ಇದೆ. ಗಾಲಿ ಗಟ್ಟಿ ಇದೆ, ಬಣ್ಣ ಹಚ್ಚಿ ಕೊಡುತ್ತಾರೆ. ಆದರೆ ಸೀಟಿನ ಎತ್ತರ ಕೂಸನ್ನು ಕೂಡಿಸಿಯೇ ಬಿಗಿಯಬೇಕಂತೆ. ಹಿಂದಿನ ಗಾಲಿಗೆ ಕಾಲು ಸಿಗದಂತೆ ಎರಡೂ ಕಡೆ ಜಾಳಿಗೆ ಹಾಕಿಸಲು ಹೇಳಿದ್ದೇನೆ. ಈ ತಿಂಗಳು ಮೂವತ್ತೊಂದಕ್ಕೆ, ರವಿವಾರ, ಹತ್ತು ಗಂಟೆಯ ಹೊತ್ತಿಗೆ ನಾವು ಅಲ್ಲಿರುತ್ತೇವೆ. ಬಸ್ ಸ್ಟ್ಯಾಂಡಿನಲ್ಲಿ ಬೇಗಂ ಅಂಗಡಿ ಎಂದರೆ ಯಾರಾದರೂ ತೋರಿಸುತ್ತಾರೆ. ಮೊದಲ ಕೆಲವು ದಿನ ಸೀಟಿನ ಹಿಂದೆ ಹಿಡಿದು ಓಡುವವರು ಬೇಕು. ನಾನು ಹಿಡಿಯಬೇಕೆಂದರೆ ಅವಳು ಇನ್ನೂ ಒಪ್ಪಲಾರಳು. ನೀವು ಬಂದರೆ ಅವಳನ್ನು ಕೇಳಿ ಹಿಡಿಯಿರಿ.

ನನ್ನ ಸಲುವಾಗಿ ನಾನು ಏನನ್ನೂ ಕೇಳುತ್ತಿಲ್ಲ. ಕೂಸಿನ ಸಲುವಾಗಿ ಬರ್ರಿ. ನಾನು ಅಂಗಡಿಯ ಹೊರಗೆ ಕಟ್ಟೆಯ ಮೇಲೆ ಕೂತಿರುತ್ತೇನೆ. ಮಾತಾಡಬೇಕೆಂದರೆ ಮಾತಾಡಿ, ಬೇಡವೆಂದರೆ ಮಗಳ ಜೊತೆ ಇದ್ದು ಸಂಜೆಯ ಬಸ್ಸಿಗೆ ಹೋಗಿ. ಯಾವುದಾದರೂ ಸರಿಯೇ.

ಉಂಡು ತಿಂದು ಆರೋಗ್ಯ ನೋಡಿಕೊಳ್ಳುವುದು. ಬಿಸಿಲಲ್ಲಿ ಅಷ್ಟು ದೂರ ನಡೆಯಬೇಡಿ.

ಇಂತು,
ಸರೋಜಾ

ತಾ.ಕ.: ನನ್ನ ಸಲುವಾಗಿ ಏನನ್ನೂ ಕೇಳುತ್ತಿಲ್ಲ ಎಂದು ಮೇಲೆ ಬರೆದದ್ದು ನಿಜವಲ್ಲ. ನಿಮ್ಮ ತಾಲೂಕಿನ ಅಬಲೂರು ಶಾಲೆಯಲ್ಲಿ ಒಂದು ಜಾಗ ಖಾಲಿ ಇದೆ ಎಂದು ಹೂವಪ್ಪ ಮಾಸ್ತರು ಹೇಳಿದ್ದರು. ವರ್ಗಕ್ಕೆ ಅರ್ಜಿ ನಿನ್ನೆಯೇ ಕೊಟ್ಟೆ. ನಿಮ್ಮನ್ನು ಕೇಳಿ ಕೊಡಬೇಕಿತ್ತು, ಬೇಡ ಅಂದುಬಿಟ್ಟೀರಿ ಎಂದು ಕೇಳಲಿಲ್ಲ. ಅರ್ಜಿಯಲ್ಲಿ ಕಾರಣ ಬರೆಯುವ ಜಾಗದ ಮುಂದೆ ಬಹಳ ಹೊತ್ತು ಕೂತಿದ್ದೆ. ಕೊನೆಗೆ ‘ಪತಿ ಇರುವ ಊರಿಗೆ ಸಮೀಪ’ ಎಂದು ಬರೆದೆ.